ನಡುವೆ ನಿಲ್ಲುತ್ತಿದ್ದ ಗೊರಕೆ

ಗೊರಕೆಯನ್ನು ನಾನು ಮೊದಲ ಸಲ ಗಮನವಿಟ್ಟು ಕೇಳಿದ್ದು ಹಾಡಹಗಲಲ್ಲಿ, ಓಡುತ್ತಿದ್ದ ವ್ಯಾನಿನೊಳಗೆ. ಅದಕ್ಕೆ ಮೊದಲು ಎಷ್ಟೋ ವರ್ಷ ಅದು ನಮ್ಮ ಮನೆಯಲ್ಲಿ ಫ್ಯಾನಿನ ಸದ್ದಿನ ಹಾಗೆ ಇತ್ತು. ಇದೆ ಎಂದು ಗೊತ್ತು, ಕೇಳಿಸಿಕೊಂಡದ್ದು ನೆನಪಿಲ್ಲ.

ಬಾದಾಮಿಯಲ್ಲಿ ತಂಗಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ನಾನು ಮತ್ತು ನನ್ನ ಗಂಡ ಇಳಕಲ್ಲಿಗೆ ಮರಳುತ್ತಿದ್ದೆವು. ಅವರು ಶಾಲಾ ವ್ಯಾನು ಓಡಿಸುತ್ತಾರೆ. ಅಂದು ಭಾನುವಾರವಾದ್ದರಿಂದ ವ್ಯಾನು ಖಾಲಿ ಇತ್ತು. ಹಿಂದಿನ ಸೀಟಿನ ಮೇಲೆ ತಂಗಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಬುತ್ತಿ ಮಾತ್ರ. ಐಹೊಳೆ ದಾಟಿ ಅಮೀನಗಡದ ಕಡೆ ಹೊರಳಿದ ಮೇಲೆ ಒಂದು ಕಡೆ ರಸ್ತೆ ನೇರವಾಗಿ ಹೋಗುತ್ತದೆ. ಎರಡೂ ಬದಿಗೆ ಕೊಯ್ಲಾದ ಜೋಳದ ಹೊಲ, ಕೂಳೆ ಬಿಟ್ಟರೆ ಬೇರೇನೂ ಇಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಗ ಆ ಸದ್ದು ಬಂತು. ಮೊದಲು ಇಂಜಿನ್ನಿನದು ಅಂದುಕೊಂಡೆ. ಆಮೇಲೆ, ಇದು ನನಗೆ ಪರಿಚಯದ ಸದ್ದು ಅನ್ನಿಸಿತು.

ಹೊರಳಿ ನೋಡಿದೆ. ಅವರ ಎರಡೂ ಕೈ ಸ್ಟೇರಿಂಗಿನ ಮೇಲೆ ಇರಬೇಕಾದಲ್ಲೇ ಇದ್ದವು. ಕುತ್ತಿಗೆ ನೆಟ್ಟಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ಮುಚ್ಚಿದ್ದವು.

ನಾನು ಕೂಗಿದ್ದು ಮೊದಲೋ, ಎಡಗಡೆಯ ಚಕ್ರ ರಸ್ತೆಯಿಂದ ಕೆಳಗಿಳಿದದ್ದು ಮೊದಲೋ, ಈಗಲೂ ಖಚಿತವಾಗಿ ಹೇಳಲಾರೆ. ವ್ಯಾನು ಧಡಕ್ಕೆಂದಿತು, ಅವರು ಕಣ್ಣು ತೆರೆದು ಬ್ರೇಕ್ ಒತ್ತಿದರು, ಎರೆ ಮಣ್ಣಿನಲ್ಲಿ ವ್ಯಾನು ವಾರೆಯಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹೋಳಿಗೆ ಮಾತ್ರ ಸೀಟಿನ ಕೆಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು.

"ಎಮ್ಮಿ ಅಡ್ಡ ಬಂತು" ಅಂದರು ಅವರು.

ನಾನು ಕೆಳಗಿಳಿದು ಎರಡೂ ಕಡೆ ನೋಡಿದೆ. "ಎಮ್ಮಿ ಎಲ್ಲೈತ್ರಿ?"

"ಹೋತು."

"ಎಲ್ಲಿ ಹೋತ್ರಿ? ಸುತ್ತ ಬಯಲ ಐತಿ."

"ಏ, ಎಮ್ಮಿ ಏನ ನಿನಗ ಹೇಳಿ ಹೋಗತೈತೇನ? ಒಂದ ಕೊಂಬು ಕೆಳಗ ಬಾಗಿದ್ದ ಎಮ್ಮಿ. ನನ್ನ ಕಣ್ಣಾರೆ ನೋಡೇನಿ."

"ನೀವು ಮಲಗಿದ್ರಿ."

"ನಾ ಮಲಗಿದ್ದಿಲ್ಲ. ಖರೇ ಹೇಳ್ತೇನಿ."

ನನ್ನನ್ನು ಗೊಂದಲಕ್ಕೆ ಕೆಡವಿದ್ದು ಆ ಬಾಗಿದ ಕೊಂಬು. ಸುಳ್ಳು ಹೇಳುವವರು ಕೊಂಬಿನ ಆಕಾರದವರೆಗೆ ಹೋಗುವುದಿಲ್ಲ, ಎಮ್ಮೆ ಅಂದಷ್ಟಕ್ಕೇ ನಿಲ್ಲಿಸುತ್ತಾರೆ. ಅವರ ಮುಖದಲ್ಲಿ ಸುಳ್ಳಿನ ಗುರುತೇ ಇರಲಿಲ್ಲ. ಆದರೆ ನಾನು ನೋಡಿದ್ದೂ ಸುಳ್ಳಲ್ಲ. ಹೋಳಿಗೆ ಆರಿಸಲು ವ್ಯಾನಿನೊಳಗೆ ಬಾಗಿದೆ. ಕಣ್ಣಿಗೆ ಬಿದ್ದದ್ದು ಖಾಲಿ ಸೀಟುಗಳು. ಮರುದಿನ ಮುಂಜಾನೆ ಅವುಗಳ ಮೇಲೆ ನಮ್ಮ ಓಣಿಯ, ಅಕ್ಕಪಕ್ಕದ ಓಣಿಗಳ ಮಕ್ಕಳು ಕೂರುವವರಿದ್ದರು. ಅವರನ್ನು ಹುನಗುಂದದ ದಾರಿಯಲ್ಲಿರುವ ಶಾಲೆಗೆ ಒಯ್ಯುವ ಈ ಮನುಷ್ಯ ಕಣ್ಣು ಮುಚ್ಚಿ ವ್ಯಾನು ಓಡಿಸಿದ್ದನ್ನು ಕಂಡವಳು ನಾನೊಬ್ಬಳೇ. ಮತ್ತು ಅವರು ನನ್ನನ್ನು ನಂಬುತ್ತಿರಲಿಲ್ಲ.

ಸೋಮವಾರ ಮುಂಜಾನೆ ನಾನು ಏನನ್ನೂ ಕೇಳದೆ ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗಿ ಕೂತೆ.

"ನೀ ಎಲ್ಲಿಗೆ?" ಅಂದರು.

"ಸಾಲಿಗೆ."

ಅವರಿಗೆ ಸಿಟ್ಟು ಬಂತು. ಆದರೆ ಮಕ್ಕಳು ಹತ್ತತೊಡಗಿದ್ದರಿಂದ ಮಾತು ಬೆಳೆಯಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ ನನ್ನನ್ನು ನೋಡಿ, "ಆಂಟಿ, ನಿಮ್ಮನ್ನೂ ಸಾಲಿಗೆ ಹಚ್ಯಾರೇನ್ರಿ?" ಅಂದಳು. ಎಲ್ಲರೂ ನಕ್ಕರು. ನಾನು ಹೌದು ಅಂದೆ. ದಾರಿಯುದ್ದಕ್ಕೂ ಗಂಡನನ್ನು ಮಾತಿಗೆಳೆಯುತ್ತ, ಓರೆಗಣ್ಣಿನಿಂದ ಅವರ ರೆಪ್ಪೆಗಳನ್ನು ನೋಡುತ್ತ ಹೋದೆ. ಅಂದಿನಿಂದ ಮುಂಜಾನೆ, ಸಂಜೆ ಎರಡೂ ಹೊತ್ತು ಆ ಸೀಟು ನನ್ನದಾಯಿತು.

ನನ್ನ ಕೆಲಸ ಮನೆಯಲ್ಲೇ. ಇಳಕಲ್ ಸೀರೆಗಳಿಗೆ ಫಾಲ್ ಹಚ್ಚುವುದು, ಕುಪ್ಪಸ ಹೊಲಿಯುವುದು. ಮುಂಜಾನೆ ಮಕ್ಕಳನ್ನು ಬಿಟ್ಟು ಬಂದ ಮೇಲೆ ಅವರು ಉಂಡು, ಪಡಸಾಲೆಯ ಮಂಚದ ಮೇಲೆ ಸಂಜೆಯ ಪಾಳಿಯವರೆಗೆ ಮಲಗುತ್ತಿದ್ದರು. ಗೊರಕೆ ಹೊಡೆದು ಮಲಗುವವರದು ಗಾಢ ನಿದ್ದೆ ಎಂದು ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಈಗ ಒಂದು ಪ್ರಶ್ನೆ ಎದ್ದಿತು. ರಾತ್ರಿಯೂ ಇಷ್ಟು ಜೋರಾಗಿ ಮಲಗುವ ಮನುಷ್ಯನಿಗೆ ಹಗಲಿಗೆ ಮತ್ತೆ ಇಷ್ಟೊಂದು ನಿದ್ದೆ ಎಲ್ಲಿಂದ ಬರುತ್ತದೆ? ಹೊಲಿಗೆ ಯಂತ್ರ ನಿಲ್ಲಿಸಿ ನಾನು ಅವರನ್ನು ನೋಡುತ್ತ ಕೂರತೊಡಗಿದೆ.

ಮೊದಲು ಕಂಡದ್ದು ಸುಲಭದ ಸಂಗತಿ. ಅಂಗಾತ ಮಲಗಿದಾಗ ಗೊರಕೆ ದೊಡ್ಡದು, ಮಗ್ಗುಲಾದಾಗ ಸಣ್ಣದು. ಒಮ್ಮೆ ಅಲ್ಲ, ನೋಡಿದಾಗಲೆಲ್ಲ ಹಾಗೇ. ಹಾಗಾದರೆ ಅಂಗಾತ ಹೊರಳದಂತೆ ಮಾಡಿದರೆ? ಹಳೆಯ ಸೀರೆಯ ಸೆರಗಿನಿಂದ ಒಂದು ಕಿಸೆ ಕತ್ತರಿಸಿ, ಅವರ ಬನಿಯನ್ನಿನ ಬೆನ್ನಿಗೆ ಹೊಲಿದೆ. ವ್ಯಾನಿನಲ್ಲಿ ಯಾರೋ ಮಕ್ಕಳು ಬಿಟ್ಟುಹೋಗಿದ್ದ ರಬ್ಬರ್ ಚೆಂಡನ್ನು ಅದರೊಳಗೆ ಇಟ್ಟು ಬಾಯಿ ಹೊಲಿದೆ. ಅಂಗಾತ ಹೊರಳಿದರೆ ಚೆಂಡು ಒತ್ತುತ್ತದೆ, ನಿದ್ದೆಯಲ್ಲೇ ಮತ್ತೆ ಮಗ್ಗುಲಾಗುತ್ತಾರೆ.

"ಗೊರಕಿ ನನಗ ತ್ರಾಸ ಕೊಡವಲ್ದು. ನೀ ಕೊಡಾಕತ್ತೀದಿ" ಅಂದರು. ಆದರೂ ಹಾಕಿಕೊಂಡರು. ನನ್ನನ್ನು ಮುಂದಿನ ಸೀಟಿನಿಂದ ಇಳಿಸಲು ಅವರಿಗೆ ಅದೊಂದು ದಾರಿಯಾಗಿ ಕಂಡಿರಬೇಕು.

ಅದು ನಿಜಕ್ಕೂ ಉಪಯೋಗಕ್ಕೆ ಬಂತು. ಗೊರಕೆ ಅರ್ಧಕ್ಕೆ ಇಳಿಯಿತು. ಒಂದು ಸಂಜೆ ಮಾತ್ರ ಅವಸರದಲ್ಲಿ ಅದೇ ಬನಿಯನ್ನಿನ ಮೇಲೆ ಅಂಗಿ ತೊಟ್ಟು ವ್ಯಾನು ಹತ್ತಿದರು. ಹಿಂದಿನಿಂದ ಒಬ್ಬ ಹುಡುಗ, "ಅಂಕಲ್, ನಿಮ್ಮ ಬೆನ್ನಾಗ ಏನೈತ್ರಿ?" ಅಂದ.

"ನಿಮ್ದ ಚಂಡು."

"ವಾಪಸ್ ಕೊಡ್ರಿ ಮತ್ತ!"

ಎರಡನೆಯ ಪ್ರಯತ್ನ ತಲೆಯ ಕಡೆ ಎತ್ತರ ಮಾಡುವುದು. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ಮಡಚಿಕೊಂಡು ಗೊರಕೆ ಇನ್ನೂ ಕೆಟ್ಟದಾಯಿತು. ಹಾಗಾದರೆ ಮಂಚವನ್ನೇ ಎತ್ತರಿಸೋಣ ಅಂದುಕೊಂಡೆ. ನಮ್ಮೂರಲ್ಲಿ ಕಲ್ಲಿಗೆ ಬರವಿಲ್ಲ. ಮೆಟ್ಟಿಲು, ಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಪಾಲಿಶ್ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಕೆಂಪು ಗ್ರಾನೈಟ್ ತುಂಡುಗಳೇ. ಹಿತ್ತಲಲ್ಲಿದ್ದ ಎರಡು ತುಂಡು ತಂದು ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟೆವು. ಇಳಕಲ್ಲಿನವರ ಕೈ ಕಲ್ಲನ್ನು ಒಂದೇ ರೀತಿ ಇಡುತ್ತದೆ, ನುಣುಪು ಮೈ ಮೇಲಕ್ಕೆ. ನಾವಿಬ್ಬರೂ ಯೋಚಿಸದೆ ಹಾಗೇ ಇಟ್ಟೆವು. ಮಧ್ಯಾಹ್ನ ಅವರು ಒಮ್ಮೆ ಹೊರಳಿದ್ದೇ ತಡ, ಕನ್ನಡಿಯಂಥ ಕಲ್ಲಿನ ಮೇಲಿಂದ ಕಬ್ಬಿಣದ ಮಂಚ ಜಾರಿ ಪಡಸಾಲೆಯ ನೆಲಕ್ಕೆ ಕುಟ್ಟಿತು. ಓಣಿಯೆಲ್ಲ ಎದ್ದು ಕೂತಿತು.

"ಏನವ್ವಾ, ಮನೀ ಬಿತ್ತೇನ?" ಎಂದು ಗೋಡೆಯಾಚೆಯಿಂದ ಕೂಗಿದವರು ಪಕ್ಕದ ಮನೆಯ ಖಾಲಾ.

ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಇವರ ಬಗ್ಗೆ ಹೇಳಲೇಬೇಕು. ನಮ್ಮ ಪಡಸಾಲೆಗೂ ಅವರ ಮಗ್ಗದ ಕೋಣೆಗೂ ನಡುವೆ ಒಂದೇ ಗೋಡೆ. ಅವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಓಡುವ ಸದ್ದು, ನೂಲನ್ನು ಬಿಗಿಯಲು ಹಣಿಗೆ ಬಡಿಯುವ ಸದ್ದು ದಿನವಿಡೀ ನಮ್ಮ ಮನೆಯೊಳಗೆ ಇರುತ್ತದೆ. ನೇಕಾರರ ಓಣಿಯಲ್ಲಿ ಒಂದು ರೂಢಿ ಇದೆ. ಪಕ್ಕದ ಮಗ್ಗ ನಡುವೆ ನಿಂತು ಬೇಗ ಮತ್ತೆ ಶುರುವಾಗದಿದ್ದರೆ, ಕೂತಲ್ಲಿಂದಲೇ "ಎಳಿ ಹರೀತೇನ?" ಎಂದು ಕೇಳುತ್ತಾರೆ. ನೂಲಿನ ಎಳೆ ಕಡಿದಿದ್ದರೆ ಸಹಾಯ ಬೇಕೆ ಎಂದು ವಿಚಾರಿಸುವ ರೀತಿ ಅದು. ಖಾಲಾ ಇದನ್ನೇ ನನ್ನ ಗಂಡನ ಗೊರಕೆಗೂ ಹಚ್ಚಿದ್ದರು. ಮಧ್ಯಾಹ್ನದ ಗೊರಕೆ ಇದ್ದಕ್ಕಿದ್ದಂತೆ ನಿಂತರೆ ಅವರ ಲಾಳಿಯೂ ನಿಲ್ಲುತ್ತಿತ್ತು.

"ಯಾಕ್ರಿ ಡ್ರೈವರ್ ಸಾಹೇಬ್ರ, ಎಳಿ ಹರೀತೇನ?"

ಆ ಕೂಗಿನ ಹಿಂದೆಯೇ ಗೊರಕೆ ದೊಡ್ಡ ಸದ್ದಿನೊಂದಿಗೆ ಮತ್ತೆ ಶುರುವಾಗುತ್ತಿತ್ತು. ಆಚೆ ಅವರು ನಗುತ್ತಿದ್ದರು, ಈಚೆ ನಾನು ನಗುತ್ತಿದ್ದೆ. ಓಣಿಯ ಹೆಂಗಸರೆಲ್ಲರಿಗೂ ಗೊತ್ತಿದ್ದ ಚ್ಯಾಷ್ಟಿ, ತಮಾಷೆ ಅದು.

ಕಲ್ಲನ್ನು ಬೋರಲು ಹಾಕಿ ಒರಟು ಮೈ ಮೇಲೆ ಮಾಡಿದ ಮೇಲೆ ಮಂಚ ಗಟ್ಟಿಯಾಗಿ ನಿಂತಿತು. ಮರುದಿನ ನಾನು ಎಂದಿನಂತೆ ನೋಡುತ್ತ ಕೂತಿದ್ದೆ. ಅವರು ಮಗ್ಗುಲಾಗಿದ್ದರು, ಗೊರಕೆ ಸಣ್ಣಗಿತ್ತು. ನಿದ್ದೆ ಆಳವಾದಂತೆ ಹೇಗೋ ಚೆಂಡನ್ನು ತಪ್ಪಿಸಿ ಅರ್ಧ ಅಂಗಾತವಾದರು. ಗೊರಕೆ ಏರಿತು, ಏರಿತು, ನಿಂತಿತು. ನನಗೆ ಸಮಾಧಾನವೇ ಆಯಿತು. ಕಲ್ಲಿನಿಂದ ಗುಣ ಕಂಡಿತು ಅಂದುಕೊಂಡೆ. ಆಮೇಲೆ ಅವರ ಎದೆಯ ಕಡೆ ನೋಡಿದೆ. ಎದೆ ಏಳುತ್ತಿತ್ತು, ಹೊಟ್ಟೆ ಒಳಕ್ಕೆ ಜಗ್ಗುತ್ತಿತ್ತು, ಆದರೆ ಮೂಗಿನ ಬಳಿ ಕೈ ಹಿಡಿದರೆ ಉಸಿರಿಲ್ಲ. ಬಾಯಿಯ ಬಳಿಯೂ ಇಲ್ಲ. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ತಳ್ಳುತ್ತಿದ್ದ ಹಾಗೆ ಅವರ ಇಡೀ ಮೈ ಕೆಲಸ ಮಾಡುತ್ತಿತ್ತು. ಗೋಡೆಯಾಚೆ ಲಾಳಿ ನಿಂತಿತು.

"ಯಾಕ್ರಿ ಡ್ರೈವರ್ ಸಾಹೇಬ್ರ, ಎಳಿ ಹರೀತೇನ?"

ಅಷ್ಟರಲ್ಲಿ ಬಾವಿಯಿಂದ ಮೇಲೆದ್ದವರಂತೆ ಅವರು ದೊಡ್ಡ ಉಸಿರು ಎಳೆದರು. ಗೊರಕೆ ಮತ್ತೆ ಶುರುವಾಯಿತು. ಖಾಲಾ ನಕ್ಕರು. ನನಗೆ ನಗಲು ಆಗಲಿಲ್ಲ.

ನಾನು ಎದ್ದು ಹೋಗಿ ಖಾಲಾರನ್ನು ನಮ್ಮ ಪಡಸಾಲೆಗೆ ಕರೆದುಕೊಂಡು ಬಂದೆ. ಮಾತು ಕೇಳಿ ನನ್ನ ಗಂಡನೂ ಎದ್ದು ಕೂತರು.

"ಖಾಲಾ, ಇವರ ಗೊರಕಿ ನಡುವ ನಿಂದರತೈತಲ್ಲ, ನೀವು ಎಳಿ ಹರೀತೇನ ಅಂತ ಕೇಳ್ತೀರಲ್ಲ, ಅದು ಯಾವಾಗಿಂದ?"

"ಅದಾ? ಭಾಳ ವರ್ಷ ಆತಲ್ಲವ್ವಾ. ಮೊದಲ ದಿನಕ್ಕ ಒಮ್ಮೆ ಕೇಳ್ತಿದ್ದೆ. ಈಗೀಗ ಕೇಳಿ ಕೇಳಿ ನನಗ ಬ್ಯಾಸರ ಬಂದೈತಿ. ಎಲ್ಲಾ ಸಲ ಕೇಳಾಂಗಿಲ್ಲ, ಕೇಳಿದ್ರ ನನ್ನ ಸೀರಿ ಮುಗಿಯಾಂಗಿಲ್ಲ."

"ನಿಂತಾಗ ಅವರ ಉಸಿರೂ ನಿಂದರತೈತ್ರಿ. ನಾ ಈಗ ಕೈ ಹಿಡಿದು ನೋಡಿದೆ."

ಖಾಲಾ ನನ್ನ ಮುಖ ನೋಡಿದರು, ನನ್ನ ಗಂಡನ ಮುಖ ನೋಡಿದರು. ನಗುತ್ತಿದ್ದ ಬಾಯಿ ಹಾಗೇ ನಿಂತಿತು. "ಯಾ ಅಲ್ಲಾ. ನಾ ಚ್ಯಾಷ್ಟಿ ಅಂತ ತಿಳಿದಿದ್ದೆ" ಅಂದರು. ಸೆರಗು ಬಾಯಿಗೆ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನಾನು ಹೇಳಿದ್ದನ್ನು ನನ್ನ ಗಂಡ ಅಲ್ಲಗಳೆಯಬಹುದಿತ್ತು, ವಾರದಿಂದ ಹಾಗೇ ಮಾಡಿದ್ದರು. ಆದರೆ ಖಾಲಾ ಯಾರ ಮೇಲೂ ತಪ್ಪು ಹೊರಿಸಲು ಬಂದವರಲ್ಲ. ವರ್ಷಗಟ್ಟಲೆ ನಕ್ಕವರು. ಆ ನಗೆಯನ್ನು ನನ್ನ ಗಂಡ ತಮ್ಮ ಕಿವಿಯಿಂದಲೇ, ಅರೆನಿದ್ದೆಯಲ್ಲಿ, ಎಷ್ಟೋ ಸಲ ಕೇಳಿದ್ದರು. ಅವರು ಎದ್ದು, ಮೊಳೆಗೆ ತೂಗುಹಾಕಿದ್ದ ವ್ಯಾನಿನ ಕೀಲಿ ತೆಗೆದುಕೊಂಡು ಹೊರಗೆ ಹೋದರು. ನಾನು ಹೆದರಿ ಬಾಗಿಲಿಗೆ ಬಂದೆ. ಅವರು ಓಣಿಯ ತುದಿಯಲ್ಲಿರುವ ಗೆಳೆಯನ ಮನೆಗೆ ನಡೆದುಕೊಂಡು ಹೋಗುತ್ತಿದ್ದರು. ಅವನೂ ಡ್ರೈವರ್.

"ಲೇ ದೋಸ್ತ, ಇವತ್ತಿನಿಂದ ಸಾಲಿ ಗಾಡಿ ನೀ ಹೊಡಿ" ಅಂದರಂತೆ.

"ಯಾಕಲೇ, ಏನಾತು?"

"ನನಗ ಎಚ್ಚರ ಇದ್ದಾಗೂ ಎಚ್ಚರ ಇರಾಂಗಿಲ್ಲಂತ."

ಅದೇ ವಾರ ಬಾಗಲಕೋಟೆಯ ನವನಗರದಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರ್ ಒಬ್ಬರ ಬಳಿಗೆ ಬಸ್ಸಿನಲ್ಲಿ ಹೋದೆವು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಗೊರಕಿ ಹೊಡಿಯೋರಿಗೆಲ್ಲ ರೋಗ ಇರಾಂಗಿಲ್ರಿ" ಅಂದರು. "ಆದ್ರ ನಡುವ ಉಸಿರು ನಿಂದರೋದು, ಹಗಲ ಕೂತಲ್ಲೇ ನಿದ್ದಿ ಬರೋದು, ಇವೆರಡೂ ಇದ್ರ ಪರೀಕ್ಷಾ ಮಾಡಬೇಕು. ಗಾಡಿ ಬಿಟ್ಟದ್ದು ಭಾಳ ಚಲೋ ಮಾಡೀರಿ."

ಗೊರಕೆ ಹೇಗೆ ಹುಟ್ಟುತ್ತದೆ ಎಂದು ನಾನು ಕೇಳಿದೆ. ಗಂಟಲಿನ ಆ ಭಾಗದಲ್ಲಿ ಎಲುಬಿಲ್ಲ, ಬರೀ ಮೆತ್ತನೆಯ ಮಾಂಸ. ನಿದ್ದೆಯಲ್ಲಿ ಅದು ಸಡಿಲವಾಗುತ್ತದೆ, ಅಂಗಾತ ಮಲಗಿದರೆ ನಾಲಿಗೆಯೂ ಹಿಂದಕ್ಕೆ ಜಾರುತ್ತದೆ. ಇಕ್ಕಟ್ಟಾದ ದಾರಿಯಲ್ಲಿ ಗಾಳಿ ನುಗ್ಗಿದಾಗ ಆ ಮೆತ್ತನೆಯ ಭಾಗ ಅದುರುತ್ತದೆ. ತಂತಿಯ ಮೇಲೆ ಒಣಹಾಕಿದ ಸೆರಗು ಗಾಳಿಗೆ ಪಟಪಟ ಅನ್ನುವುದು ನನ್ನ ಕಣ್ಣಿಗೆ ಬಂತು. ದಾರಿ ಪೂರ್ತಿ ಮುಚ್ಚಿದರೆ ಗಾಳಿಯೂ ಇಲ್ಲ, ಸದ್ದೂ ಇಲ್ಲ.

"ಅದಕ್ಕ ಸದ್ದು ನಿಂತ್ರ ಗುಣ ಆತು ಅಂತ ತಿಳೀಬ್ಯಾಡ್ರಿ" ಅಂದರು.

ಆಮೇಲೆ ಒಂದು ಪ್ರಶ್ನೆ ಕೇಳಿದರು. ಮಲಗುವ ಮುಂಚೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತಾರೆಯೇ? ಕುಡಿತ ಇಲ್ಲ ಎಂದು ನಾನು ತಕ್ಷಣ ಹೇಳಿದೆ. ಗುಳಿಗೆಯ ಮಾತಿಗೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಲ್ಲಿನ ಪುಡಿಗೆ ನಮ್ಮೂರಲ್ಲಿ ಅನೇಕರ ಮೂಗು ಕಟ್ಟುತ್ತದೆ. ಇವರು ದಿನಾ ರಾತ್ರಿ ಅಂಗಡಿಯಿಂದ ತಂದ ಶೀತದ ಗುಳಿಗೆ ನುಂಗಿ ಮಲಗುವವರು. ಅದು ಔಷಧ ಎಂದು ನಮಗೆ ಅನ್ನಿಸಿದ್ದೇ ಇಲ್ಲ, ಊಟದ ಮೇಲಿನ ಎಲೆ-ಅಡಿಕೆಯ ಹಾಗೆ. ಅಂಥ ಕೆಲವು ಗುಳಿಗೆಗಳು ಮಂಪರು ತರುತ್ತವೆ, ಗಂಟಲನ್ನು ಇನ್ನಷ್ಟು ಸಡಿಲಿಸಬಹುದು ಎಂದು ಡಾಕ್ಟರ್ ಅದನ್ನು ಬಿಡಿಸಿದರು. ಬದಲಿಗೆ ಮೂಗು ತೊಳೆಯಲು ಉಪ್ಪುನೀರಿನ ಪುಡಿ, ಮೂಗಿಗೆ ಒಂದು ಸ್ಪ್ರೇ ಕೊಟ್ಟರು. ಚೆಂಡಿನ ಬನಿಯನ್ ತೋರಿಸಿದಾಗ ನಕ್ಕರು, ಆದರೆ "ಬಿಡಬ್ಯಾಡ್ರಿ, ಇರ್ಲಿ" ಅಂದರು. ಕಲ್ಲಿಗೂ ಒಪ್ಪಿಗೆ ಸಿಕ್ಕಿತು. ರಾತ್ರಿಯ ಊಟ ಬೇಗ, ಹಗುರ. ತೂಕ ಇಳಿಯಬೇಕು. ಇದರ ಜತೆಗೆ ನಾಲಿಗೆಯ ವ್ಯಾಯಾಮ: ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು, ಹೊರಗೆ ಚಾಚುವುದು, ಬಾಯಿ ತೆರೆದು ಸ್ವರಗಳನ್ನು ಎಳೆದು ಹೇಳುವುದು.

ಮನೆಯಲ್ಲೇ ಒಂದು ರಾತ್ರಿ ಕಟ್ಟಿಕೊಂಡು ಮಲಗುವ ಸಣ್ಣ ಯಂತ್ರ ಕೊಟ್ಟು ಕಳಿಸಿದರು. ಅದು ಖಾಲಾ ಹೇಳಿದ್ದನ್ನೇ ಹೇಳಿತು. ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮೈ ಅವರನ್ನು ಅವರಿಗೇ ಗೊತ್ತಾಗದಂತೆ ಎಬ್ಬಿಸುತ್ತಿತ್ತು. ಇಷ್ಟು ವರ್ಷ ಇವರು ಮಲಗಿದ್ದೇ ಇಲ್ಲ ಎಂದು ನನಗೆ ಆಗ ಅರ್ಥವಾಯಿತು. ಇಂಥದಕ್ಕೆ ಬನಿಯನ್ನು, ಕಲ್ಲು ಸಾಲುವುದಿಲ್ಲ, ಅವು ಜತೆಗಿರಲಿ ಎಂದು ಹೇಳಿ ಡಾಕ್ಟರ್ ಮೂಗಿಗೆ ಹಾಕಿಕೊಳ್ಳುವ ಮುಖವಾಡದ ಯಂತ್ರ ಬರೆದುಕೊಟ್ಟರು. ಕತ್ತರಿಸುವುದು, ಚುಚ್ಚುವುದು ಏನೂ ಇಲ್ಲ. ಗಾಳಿಯನ್ನು ಮೆಲ್ಲಗೆ ಒತ್ತಿ ಗಂಟಲಿನ ದಾರಿ ತೆರೆದಿಡುತ್ತದೆ ಅಷ್ಟೆ.

ಅದನ್ನು ಮೊದಲ ಸಲ ಹಾಕಿಕೊಂಡಾಗ ನೋಡಲು ಬಂದ ಖಾಲಾ, "ಇದೇನವ್ವಾ, ಆನಿ ಸೊಂಡ್ಲಿ!" ಅಂದರು. ನನ್ನ ಗಂಡ ಅದನ್ನು ಕಿತ್ತೊಗೆದರು. ಪಟ್ಟಿ ಕೆನ್ನೆಗೆ ಒತ್ತುತ್ತದೆ, ಬಾಯಿ ಒಣಗುತ್ತದೆ, ಉಸಿರು ಬಿಡಲು ಬರುವುದಿಲ್ಲ. ನಾನು ಪಟ್ಟಿಗೆ ಮೆತ್ತನೆಯ ಹತ್ತಿಯ ಬಟ್ಟೆ ಸುತ್ತಿ ಹೊಲಿದೆ. ಹಗಲು ಎಚ್ಚರವಿದ್ದಾಗ ಸುಮ್ಮನೆ ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಮಧ್ಯಾಹ್ನ ಸೊಂಡಿಲು ಹಾಕಿಕೊಂಡು ಟಿವಿ ನೋಡುತ್ತ ಕೂರತೊಡಗಿದರು.

ವ್ಯಾನು ಬಿಟ್ಟರೂ ಮಕ್ಕಳನ್ನು ಬಿಡಲು ಅವರಿಗೆ ಆಗಲಿಲ್ಲ. ಗೆಳೆಯ ಓಡಿಸುವಾಗ ಪಕ್ಕದಲ್ಲಿ, ನನ್ನ ಸೀಟಿನಲ್ಲಿ, ಕೂತು ಹೋಗುತ್ತಿದ್ದರು. ದಾರಿಯಲ್ಲಿ ನಾಲಿಗೆಯ ವ್ಯಾಯಾಮ. ಮಕ್ಕಳು ಬಿಡುತ್ತಾರೆಯೇ? ಅವರು ನಾಲಿಗೆ ಚಾಚಿದರೆ ಇಡೀ ವ್ಯಾನು ಚಾಚುತ್ತಿತ್ತು. ಅವರು "ಆ" ಅಂದರೆ ಇಡೀ ವ್ಯಾನು "ಆ" ಅನ್ನುತ್ತಿತ್ತು.

"ಲೇ, ಇದು ಸಾಲಿ ಗಾಡಿಯೋ, ಕಪ್ಪಿ ಗಾಡಿಯೋ?" ಎಂದು ಗೆಳೆಯ ಬೈಯುತ್ತಿದ್ದ. ಎರಡು ಜಡೆಯ ಹುಡುಗಿಯ ತಾಯಿ ಒಂದು ದಿನ ನಮ್ಮ ಮನೆಗೇ ಬಂದು, "ಏನ್ರಿ, ನನ್ನ ಮಗಳು ನಮ್ಮ ಅತ್ತಿಯವರಿಗೆ ನಾಲಿಗಿ ತೋರಿಸಿ, ಅಂಕಲ್ ಕಲಿಸ್ಯಾರ ಅಂತಾಳ" ಅಂದಳು. ನನ್ನ ಗಂಡ ಆಕೆಗೆ ಎಲ್ಲವನ್ನೂ ಹೇಳಿದರು. ಐಹೊಳೆಯ ದಾರಿಯ ಸಂಗತಿಯನ್ನೂ ಬಿಡಲಿಲ್ಲ. "ಎಮ್ಮಿ ಅಡ್ಡ ಬಂದಿತ್ತು" ಎಂಬ ಮಾತು ಮಾತ್ರ ಹಾಗೇ ಇತ್ತು.

ಕೆಲವು ವಾರಗಳಲ್ಲಿ ಮುಖವಾಡ ಮೈಗೆ ಹೊಂದಿಕೊಂಡಿತು. ನಾನು ಮೊದಲು ಗಮನಿಸಿದ್ದು ಗೊರಕೆ ಹೋದದ್ದನ್ನಲ್ಲ. ಮುಂಜಾನೆ ಎದ್ದವರು ಚಹಾ ಬರುವ ಮುಂಚೆಯೇ ಹಾಡು ಗುನುಗುತ್ತಿದ್ದದ್ದನ್ನು. ಮಧ್ಯಾಹ್ನ ಮಂಚಕ್ಕೆ ಹೋಗುವುದನ್ನೇ ಮರೆಯತೊಡಗಿದರು. ಖಾಲಾ ಗೋಡೆಯಾಚೆಯಿಂದ, "ಸಾಹೇಬ್ರು ಊರಾಗ ಇಲ್ಲೇನವ್ವಾ? ನನ್ನ ಮಗ್ಗಕ್ಕ ಜೋಡಿ ಇಲ್ದಂಗ ಆಗೇತಿ" ಅಂದರು. ಡಾಕ್ಟರ್ ಯಂತ್ರದಲ್ಲಿ ದಾಖಲಾದದ್ದನ್ನು ನೋಡಿ, ಹಗಲ ನಿದ್ದೆಯ ಬಗ್ಗೆ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ, ಮತ್ತೆ ಗಾಡಿ ಓಡಿಸಬಹುದು ಅಂದರು. ಒಂದು ರಾತ್ರಿಯೂ ಮುಖವಾಡ ತಪ್ಪಿಸಬಾರದು ಎಂಬ ಮಾತಿನ ಮೇಲೆ.

ಮಕ್ಕಳನ್ನು ಹತ್ತಿಸಿಕೊಳ್ಳುವ ಮುಂಚೆ ಒಂದು ಭಾನುವಾರ ಅವರೇ, "ನಡಿ, ಬಾದಾಮಿಗೆ ಹೋಗಿ ಬರೂಣು. ಕೂಸು ನೋಡಿದಂಗೂ ಆಗತೈತಿ" ಅಂದರು. ಹುನಗುಂದ, ಅಮೀನಗಡ ದಾಟಿದೆವು. ನಾನು ಅವರ ರೆಪ್ಪೆಗಳನ್ನು ನೋಡುವುದನ್ನು ಬಿಡಲಾಗಲಿಲ್ಲ. ಅದು ಅವರಿಗೂ ಗೊತ್ತಿತ್ತು. ನೇರ ರಸ್ತೆಗೆ ಬಂದಾಗ ಅವರು ವೇಗ ಇಳಿಸಿ, ಬದಿಗೆ ನಿಲ್ಲಿಸಿದರು. ಹೊಲ ಹರಗಿ ಮಣ್ಣು ಸಡಿಲಿಸಿದ್ದರು, ನಮ್ಮ ಚಕ್ರದ ಗುರುತು ಎಲ್ಲೂ ಉಳಿದಿರಲಿಲ್ಲ.

"ಇಲ್ಲೇ ಅಲ್ಲಾ?"

"ಹೂನ್ರಿ."

ಕೆಳಗಿಳಿದು ಬಹಳ ಹೊತ್ತು ಎರಡೂ ಕಡೆ ನೋಡಿದರು. ಆ ದಿನ ನಾನು ನೋಡಿದ ಹಾಗೆಯೇ. ಕಣ್ಣು ಹಾಯುವವರೆಗೆ ಒಂದು ಗಿಡವೂ ಇರಲಿಲ್ಲ.

"ನನಗ ಎಮ್ಮಿ ಕಂಡದ್ದು ಖರೆ" ಅಂದರು.

"ನಾ ಸುಳ್ಳು ಅಂದಿಲ್ಲರಿ."

"ಒಂದ ಕೊಂಬು ಬಾಗಿತ್ತು ಅಂದಿದ್ನಲ್ಲ, ಅಂಥಾ ಎಮ್ಮಿ ಈಗ ಎಲ್ಲೂ ನೋಡಿಲ್ಲಲ್ಲ ಅಂತ ಮೊನ್ನಿಂದ ವಿಚಾರ ಮಾಡಾಕತ್ತಿದ್ದೆ." ಅವರು ರಸ್ತೆಯ ಆ ಜಾಗವನ್ನೇ ನೋಡುತ್ತಿದ್ದರು. "ಅದು ನಮ್ಮ ಮನೀ ಎಮ್ಮಿ. ನಾ ಸಣ್ಣಾವ ಇದ್ದಾಗ ನಮ್ಮ ಅವ್ವ ಹಿಂಡತಿದ್ಲು."

ಅವರು ವ್ಯಾನಿನ ಹಿಂದಿನ ಬಾಗಿಲು ತೆರೆದು, ಖಾಲಿ ಸೀಟುಗಳನ್ನು ಒಮ್ಮೆ ನೋಡಿ, ಮುಚ್ಚಿದರು. ಆಮೇಲೆ ಬಂದು ಸ್ಟೇರಿಂಗಿನ ಮುಂದೆ ಕೂತರು.

"ನಾಳಿಂದ ಇನ್ನೊಂದ ನಾಕ ದಿನ ನೀನೂ ಬಾ ಸಾಲಿಗೆ" ಅಂದರು.